ಬ್ಲೀಕ್ ಹೌಸ್ ಕಂತು ಓದು: 15ನೆಯದು ಮುಗಿಯಿತು

ಡಿಕನ್ಸ್‌ನ ‘ಬ್ಲೀಕ್ ಹೌಸ್’ ಕಾದಂಬರಿಯನ್ನು ಅದು ಮೊದಲು ಬಂದ ಹಾಗೆಯೇ, ತಿಂಗಳಿಗೊಂದು ಕಂತಿನಂತೆ ಓದುತ್ತಿದ್ದೇನೆ. ಆಗ ಒಂದು ಕಂತಿಗೆ ಒಂದು ಶಿಲ್ಲಿಂಗ್. 32 ಪುಟ, ಎರಡು ಚಿತ್ರ. ಈಗ ಮುಗಿಸಿದ್ದು 1853ರ ಮೇ ತಿಂಗಳ ಕಂತು.

ಕತೆಯ ನಡುವೆ ಇರುವುದು ಲಂಡನ್ನಿನ ಚಾನ್ಸರಿ ಕೋರ್ಟು. ಉಯಿಲು, ಆಸ್ತಿ ವ್ಯಾಜ್ಯಗಳ ಕೋರ್ಟು ಅದು. ಅಲ್ಲಿ ಜಾರ್ಂಡೈಸ್ ಕೇಸು ತಲೆಮಾರುಗಳಿಂದ ಎಳೆದಾಡುತ್ತಿದೆ. ಇದು ಜಾಸ್ತಿ ಆಯಿತು ಅನ್ನಿಸಬಹುದು. ಆದರೆ ಮುನ್ನುಡಿಯಲ್ಲಿ ಡಿಕನ್ಸ್ ನಿಜವಾದ ಕೇಸೊಂದನ್ನು ಮುಂದಿಡುತ್ತಾನೆ. ಸುಮಾರು 20 ವರ್ಷ ಹಳೆಯದು, ಒಮ್ಮೊಮ್ಮೆ 30–40 ವಕೀಲರು ನಿಲ್ಲುತ್ತಿದ್ದರು, ಖರ್ಚು 70,000 ಪೌಂಡ್! ಸ್ವತಃ ಅವನೇ 1844ರಲ್ಲಿ ಕೃತಿಚೌರ್ಯದ ಕೇಸು ಗೆದ್ದು, ಕೊನೆಗೆ ಖರ್ಚನ್ನೂ ತಾನೇ ಹೊತ್ತಿದ್ದ.

10ನೇ ಕಂತು ಇನ್ನೂ ತಲೆಯಲ್ಲಿದೆ. ಗುಜರಿ ಅಂಗಡಿಯ ಕ್ರೂಕ್‌ನನ್ನು ನೆರೆಯವರು ‘ಲಾರ್ಡ್ ಚಾನ್ಸಲರ್’ ಅಂತಲೇ, ಅಂದರೆ ಚಾನ್ಸರಿ ಕೋರ್ಟಿನ ಮುಖ್ಯಸ್ಥನ ಹೆಸರಿನಿಂದಲೇ, ಕರೆಯುತ್ತಾರೆ. ಓದಲು ಬಾರದ ಮನುಷ್ಯ, ಅಂಗಡಿ ತುಂಬ ಹಳೇ ಕಾಗದ. ಅವನು ತನ್ನಷ್ಟಕ್ಕೇ ಹೊತ್ತಿ ಬೂದಿಯಾಗುತ್ತಾನೆ. ಅನ್ಯಾಯ ನಡೆಯುವ ಎಲ್ಲ ಕೋರ್ಟುಗಳ ಒಡೆಯರಿಗೂ ಇದೇ ಸಾವು ಅಂತ ಡಿಕನ್ಸ್ ನೇರವಾಗಿ ಬರೆಯುತ್ತಾನೆ.

ಮಿಸೆಸ್ ಜೆಲ್ಲಿಬಿಯ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಆಫ್ರಿಕಾದ ಉದ್ಧಾರಕ್ಕೆ ಪತ್ರ ಬರೆಯುತ್ತಾ ಸ್ವಂತ ಮಕ್ಕಳನ್ನು ಮರೆತ ಹೆಂಗಸು ಆಕೆ. ಆ ಗೇಲಿ ಸಾರ್ವಜನಿಕ ಕೆಲಸ ಮಾಡುವ ಎಲ್ಲ ಹೆಂಗಸರ ಮೇಲೂ ಬೀಳುತ್ತದೆ, ಅಲ್ವಾ? ಆ ಕಾಲದ ಚಿಂತಕ ಜಾನ್ ಸ್ಟುವರ್ಟ್ ಮಿಲ್‌ಗೂ ಈ ಧೋರಣೆ ಸಿಟ್ಟು ತರಿಸಿತ್ತು.

ವ್ಯವಸ್ಥೆಯ ಮೇಲೆ ಕೋಪ ತಿರುಗಿದಾಗಲೇ ಡಿಕನ್ಸ್ ದೊಡ್ಡವನು. ಟಾಮ್-ಆಲ್-ಅಲೋನ್ಸ್ ಎಂಬ ಕೊಳೆಗೇರಿಯನ್ನೇ ನೋಡಿ. ಅಲ್ಲಿನ ಮನೆಗಳು ಚಾನ್ಸರಿ ವ್ಯಾಜ್ಯದಲ್ಲಿವೆ. ರಿಪೇರಿಗೆ ಯಾರೂ ದಿಕ್ಕಿಲ್ಲ, ಕುಸಿದು ಬೀಳುತ್ತವೆ. ಅಲ್ಲಿ ರಾತ್ರಿ ಕಳೆಯುವ ಬೀದಿ ಗುಡಿಸುವ ಹುಡುಗ ಜೋಗೆ ಜ್ವರ ಬರುತ್ತದೆ, ಅದು ಅನುಕೂಲಸ್ಥರ ಮನೆಯ ಎಸ್ತರ್‌ಗೂ ಅಂಟುತ್ತದೆ. 1848–49ರ ಕಾಲರಾ ಕಂಡಿದ್ದ ಓದುಗರಿಗೆ ಇದು ಸುಮ್ನೆ ಕತೆಯಾಗಿರಲಿಲ್ಲ.

15ನೇ ಕಂತಿನಲ್ಲಿ ಜೋ ಸಾಯುತ್ತಾನೆ. ಅಲ್ಲಿ ನಗೆ ಪೂರ್ತಿ ನಿಂತುಹೋಗುತ್ತದೆ. ನಿರೂಪಕ ರಾಣಿಯತ್ತ, ಪ್ರಭುಗಳತ್ತ, ಪಾದ್ರಿಗಳತ್ತ ತಿರುಗಿ, ‘ಸತ್ತ, ನಮ್ಮ ಸುತ್ತ ದಿನಾ ಹೀಗೇ ಸಾಯುತ್ತಿದ್ದಾರೆ’ ಅನ್ನುತ್ತಾನೆ. ಆ ಸಾಲುಗಳನ್ನು ನಾನು ಗಟ್ಟಿಯಾಗಿ ಓದಿದೆ. ಅವು ಹಾಗೆ ಓದಲೆಂದೇ ಬರೆದವು ಅನ್ನಿಸುತ್ತದೆ.

ಇನ್ನು ನಾಲ್ಕು ಸಂಚಿಕೆ ಉಳಿದಿವೆ, ಕೊನೆಯದು ಜೋಡಿ ಕಂತು. ಆಮೇಲೆ ಡಿಕನ್ಸ್‌ನದೇ ‘ಲಿಟಲ್ ಡಾರಿಟ್’. ಅಲ್ಲಿ ಸರ್ಕಾರಿ ಕಚೇರಿಯ ಸರದಿ.