ಕ್ರಾಸ್ ಕಟ್ ಸ್ಕರ್ಟ್ ಜೋತು ಬೀಳುತ್ತೆ, ವಿಯೊನೆಯ ಗೌನು ಯಾಕೆ ಬೀಳಲಿಲ್ಲ?

ಪ್ಯಾರಿಸ್‌ನ ಉಡುಪು ವಿನ್ಯಾಸಕಿ ಮದ್ಲೆನ್ ವಿಯೊನೆಯಂಥವರ 1930ರ ದಶಕದ ಗೌನುಗಳ ಬಗ್ಗೆ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆ ಇದು: “ಅವೆಲ್ಲ ಕ್ರಾಸ್ ಕಟ್ ತಾನೆ? ನಾನೂ ಟೈಲರ್ ಹತ್ತಿರ ಕ್ರಾಸಲ್ಲೇ ಉದ್ದ ಸ್ಕರ್ಟ್ ಹೊಲಿಸಿದೆ. ನಾಲ್ಕು ದಿನಕ್ಕೇ ಕೆಳಗಿನ ಅಂಚು ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ. ಸೈಡ್ ಹೊಲಿಗೆ ಬೇರೆ ಸುಕ್ಕು. ಪ್ಯಾರಿಸ್‌ನವರು ಅದೇನು ಮಾಡುತ್ತಿದ್ದರು?”

ತಪ್ಪು ಬಹುಮಟ್ಟಿಗೆ ಟೈಲರ್‌ದಲ್ಲ. ಕ್ರಾಸ್ ಬಟ್ಟೆ, ಅಂದರೆ ನೂಲಿನ ಜಾಡಿಗೆ ಓರೆಯಾಗಿ ಕತ್ತರಿಸಿದ ಬಟ್ಟೆ, ಎಲಾಸ್ಟಿಕ್ ಥರ ಹಿಗ್ಗುತ್ತದೆ ಅಂತ ನಾವು ಅಂದುಕೊಂಡಿರುವುದೇ ತಪ್ಪು. ಅಲ್ಲಿ ಒಂದೇ ಒಂದು ನೂಲೂ ಹಿಗ್ಗುವುದಿಲ್ಲ. ಉದ್ದ ನೂಲಾದ ಹಾಸಿಗೂ ಅಡ್ಡ ನೂಲಾದ ಹೊಕ್ಕಿಗೂ ನಡುವಿನ ಕೋನ ಬದಲಾಗುತ್ತದೆ, ಅಷ್ಟೇ. ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಒಂದು ತುಂಡು ತೆಳು ಬಟ್ಟೆ ತೆಗೆದುಕೊಂಡು, ನೂಲಿನ ಜಾಡು ಹಿಡಿದು 10 ಸೆಂ.ಮೀ. ಬದಿಯ ಚೌಕ ಬರೆಯಿರಿ. ಮೂಲೆಯಿಂದ ಮೂಲೆಗೆ ಅಳೆದರೆ 14.1 ಸೆಂ.ಮೀ. ಈಗ ಎದುರುಬದುರಿನ ಎರಡು ಮೂಲೆ ಹಿಡಿದು ಮೆಲ್ಲಗೆ ಎಳೆಯಿರಿ. ನೂಲುಗಳ ನಡುವಿನ ಕೋನ 90 ಡಿಗ್ರಿಯಿಂದ 80ಕ್ಕೆ ಇಳಿದರೆ ಎಳೆದ ಕಡೆಯ ಅಳತೆ 15.3 ಆಗುತ್ತದೆ, ಅಡ್ಡ ಅಳತೆ 12.9ಕ್ಕೆ ಬರುತ್ತದೆ. ಚೌಕದ ನಾಲ್ಕು ಬದಿ ಮಾತ್ರ 10ರಲ್ಲೇ ಇರುತ್ತವೆ. ಸ್ಕರ್ಟಿನ ಲೆಕ್ಕಕ್ಕೆ ತಂದರೆ 36 ಇಂಚು ಉದ್ದ 39 ಆಯಿತು, 40 ಇಂಚಿನ ಸುತ್ತಳತೆ 36ರ ಹತ್ತಿರ ಬಂತು. ಉದ್ದ ಬೆಳೆದದ್ದು ಕಣ್ಣಿಗೆ ಬೀಳುತ್ತದೆ, ಅಗಲ ಕುಗ್ಗಿದ್ದು ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಆ ಗೌನುಗಳು ಮೈಗೆ ಹೊಂದಿ ಕೂರುತ್ತಿದ್ದದ್ದು ಅಗಲ ಕುಗ್ಗುವುದರಿಂದಲೇ. ಬಟ್ಟೆಯ ಭಾರವೇ ಅದನ್ನು ಕೆಳಗೆಳೆದು ಮೈಗೆ ತಾಗಿಸುತ್ತದೆ; ಸೊಂಟ ಅಗಲವಾದ ಕಡೆ ಕೋನ ಮತ್ತೆ ತೆರೆದುಕೊಂಡು ದಾರಿ ಬಿಡುತ್ತದೆ.

ಕ್ರಾಸ್ ಕಟ್ಟನ್ನು ಮದ್ಲೆನ್ ವಿಯೊನೆ ಕಂಡುಹಿಡಿದರು ಎಂಬ ಮಾತನ್ನು ಮೊದಲು ಪಕ್ಕಕ್ಕಿಡಬೇಕು. ಯುರೋಪಿನಲ್ಲಿ ಹೆಣೆದ ಕಾಲುಚೀಲ ಬರುವ ಮುಂಚೆ ನೇಯ್ದ ಬಟ್ಟೆಯನ್ನೇ ಓರೆಯಾಗಿ ಕತ್ತರಿಸಿ ಕಾಲುಚೀಲ ಹೊಲಿಯುತ್ತಿದ್ದರು. ನಮ್ಮಲ್ಲಿ ಮೀನಖಂಡದಿಂದ ಕೆಳಗೆ ಬಳೆ ಬಳೆಯಾಗಿ ಸುಕ್ಕು ಕೂರುವ ಚೂಡಿದಾರ್ ಪೈಜಾಮ ಇದೆಯಲ್ಲ, ಅದರ ಹಳೆಯ ಪದ್ಧತಿಯಲ್ಲಿ ಬಟ್ಟೆಯನ್ನು ಓರೆಯಾಗಿ ಸುತ್ತಿ ಚೀಲದಂತೆ ಹೊಲಿದು, ಆಮೇಲೆ ಕತ್ತರಿಸುತ್ತಾರೆ. ಕ್ರಾಸ್ ಕಟ್ ಬ್ಲೌಸಿನ ಮುಂಭಾಗವೂ ಇದೇ ತತ್ವ. ಅಲ್ಲೆಲ್ಲ ಕ್ರಾಸ್ ಇದ್ದದ್ದು ಒಂದು ಭಾಗಕ್ಕೆ: ತೋಳಿಗೆ, ಕಾಲಿಗೆ, ಕಾಲರಿಗೆ, ಪಟ್ಟಿಗೆ. ಇಡೀ ಉಡುಪನ್ನು ಭುಜದಿಂದ ಹಿಮ್ಮಡಿಯವರೆಗೆ ಓರೆಯಲ್ಲೇ ನೇತುಹಾಕಿ, ಒಳಗೆ ಸೊಂಟ ಬಿಗಿಯುವ ಕಾರ್ಸೆಟ್ಟಿನ ಆಸರೆ ಇಲ್ಲದೆ ನಿಲ್ಲಿಸಿದ್ದು ವಿಯೊನೆಯ ಸಾಧನೆ. ಅದು ಚಿಕ್ಕದೇನಲ್ಲ.

1876ರಲ್ಲಿ ಹುಟ್ಟಿದ ಆಕೆ ಬಾಲ್ಯದಲ್ಲೇ ಹೊಲಿಗೆಗೆ ಸೇರಿದವರು. ಲಂಡನ್‌ನಲ್ಲಿ ದುಡಿದು, ಪ್ಯಾರಿಸ್‌ನ ಕ್ಯಾಲೊ ಸೋದರಿಯರ ಫ್ಯಾಷನ್ ಸಂಸ್ಥೆಯಲ್ಲಿ ಪಳಗಿ, ಮುಂದೆ ಝಾಕ್ ದೂಸೆಯ ಸಂಸ್ಥೆಯಲ್ಲಿದ್ದಾಗ ಮಾಡೆಲ್‌ಗಳನ್ನು ಕಾರ್ಸೆಟ್ ಇಲ್ಲದೆ, ಬರಿಗಾಲಲ್ಲಿ ನಡೆಸಿದರು. 1912ರಲ್ಲಿ ಸ್ವಂತ ಸಂಸ್ಥೆ ತೆರೆದರು. 1914ರಲ್ಲಿ ಯುದ್ಧ ಬಂದು ಬಾಗಿಲು ಮುಚ್ಚಿತು. 1918ರಲ್ಲಿ ಮತ್ತೆ ತೆರೆದು, 1923ರಲ್ಲಿ ಮೊಂತೇನ್ ಬೀದಿಗೆ ಬಂತು. 1939ರಲ್ಲಿ ಶಾಶ್ವತವಾಗಿ ಮುಚ್ಚಿತು. ಕಾಗದದ ಮೇಲೆ ಚಿತ್ರ ಬರೆದು ಕೆಳಗಿನವರಿಗೆ ಕೊಡುವ ಅಭ್ಯಾಸ ಆಕೆಗಿರಲಿಲ್ಲ. ಸುಮಾರು 80 ಸೆಂ.ಮೀ. ಎತ್ತರದ ಮರದ ಬೊಂಬೆಯೊಂದಿತ್ತು. ಬಟ್ಟೆಯನ್ನು ಅದರ ಮೇಲೆ ಹೊದಿಸಿ, ತಿರುಗಿಸಿ, ಪಿನ್ ಹಾಕಿ ವಿನ್ಯಾಸ ಮಾಡುತ್ತಿದ್ದರು. ಆಮೇಲೆ ಅದನ್ನು ಮನುಷ್ಯರ ಅಳತೆಗೆ ಹಿಗ್ಗಿಸುತ್ತಿದ್ದರು. ಓರೆ ಬಟ್ಟೆ ಹೇಗೆ ಬೀಳುತ್ತದೆ ಎಂಬುದು ಚಪ್ಪಟೆ ಕಾಗದದಲ್ಲಿ ಗೊತ್ತಾಗುವ ವಿಷಯವೇ ಅಲ್ಲ.

ಮೊದಲ ಯುದ್ಧ ಮುಗಿದ ಹೊಸದರಲ್ಲಿ ಆಕೆ ಮಾಡಿದ ಒಂದು ಉಡುಪನ್ನು ಹತ್ತಿರದಿಂದ ನೋಡೋಣ. ದಂತದ ಬಣ್ಣದ ರೇಷ್ಮೆ ಕ್ರೇಪಿನ ನಾಲ್ಕು ಚೌಕಗಳು. ಮೂಲೆ ಹಿಡಿದು ಇಳಿಬಿಟ್ಟದ್ದರಿಂದ ಪ್ರತಿ ಚೌಕವೂ ವಜ್ರಾಕೃತಿಯಲ್ಲಿ ಬೀಳುತ್ತದೆ, ಕೆಳಗಿನ ಮೂಲೆಗಳು ಚೂಪಾಗಿ ಕಾಲ ಬಳಿ ಆಡುತ್ತವೆ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿಯೇ ಇಲ್ಲ! ಕತ್ತರಿ ಓಡಿದ್ದು ನೇರ ನೂಲಿನ ಮೇಲೆ. ಓರೆಯಾದದ್ದು ನೇತುಹಾಕಿದ ರೀತಿ. ಇದರ ಲಾಭ ಗಮನಿಸಿ. ಚೌಕದ ಬದಿಗಳು ಕೋನ ಎಷ್ಟೇ ಬದಲಾದರೂ ಅದೇ ಉದ್ದದಲ್ಲಿರುತ್ತವೆ ಅಂತ ಮೇಲೆ ನೋಡಿದೆವಲ್ಲ. ಹಾಗಾಗಿ ನೂಲಿನ ಜಾಡಿನಲ್ಲೇ ಹೋಗುವ ಹೊಲಿಗೆ ಬಟ್ಟೆಯನ್ನು ತಡೆಯುವುದಿಲ್ಲ, ತಾನೂ ಸುಕ್ಕಾಗುವುದಿಲ್ಲ, ಬರೀ ವಾಲುತ್ತದೆ. ನಮ್ಮ ಸ್ಕರ್ಟಿನ ಸೈಡ್ ಹೊಲಿಗೆ ಇದಕ್ಕೆ ತದ್ವಿರುದ್ಧ. ಅದು ಉದ್ದವಾಗಲು ಹವಣಿಸುವ ದಿಕ್ಕಿನಲ್ಲೇ ಮೇಲಿಂದ ಕೆಳಗೆ ಓಡುತ್ತದೆ. ಬಟ್ಟೆ 36ರಿಂದ 39ಕ್ಕೆ ಹೋಗಬೇಕು ಅನ್ನುತ್ತದೆ, ದಾರ 36ರಲ್ಲೇ ಬಿಗಿಹಿಡಿಯುತ್ತದೆ. ಸುಕ್ಕು ಬರದೆ ಇನ್ನೇನು ಬರಬೇಕು?

ಕಸೂತಿಗೂ ಇದೇ ನಿಯಮ. ಓರೆ ಉಡುಪಿನ ಮೇಲೆ ಮಣಿ ಕೆಲಸವನ್ನು ಮನಬಂದಂತೆ ತುಂಬಿದರೆ ಆ ಭಾಗ ತಗಡಿನಂತೆ ಗಟ್ಟಿಯಾಗುತ್ತದೆ. ವಿಯೊನೆಗೆ ಕಸೂತಿ ಮಾಡಿಕೊಡುತ್ತಿದ್ದ ಪ್ಯಾರಿಸ್‌ನ ಕಾರ್ಖಾನೆ, ಮುಂದೆ ಲೆಸಾಜ್ ಎಂದು ಹೆಸರಾದದ್ದು, ನೇರ ನೂಲಿನ ಜಾಡಿನಲ್ಲೇ ಹೊಲಿಗೆ ಹಾಕುವ ವಿಧಾನವನ್ನು ಇದಕ್ಕೆಂದೇ ರೂಢಿಸಿಕೊಂಡಿತು. ಕ್ರಾಸ್ ಬ್ಲೌಸಿಗೆ ಮಗ್ಗಂ ವರ್ಕ್ ಮಾಡಿಸುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಇನ್ನು ಬಟ್ಟೆ. ಆಕೆ ಹೆಚ್ಚಾಗಿ ಕೈಗೆತ್ತಿಕೊಂಡದ್ದು ಕ್ರೇಪ್. ಕ್ರೇಪಿನ ನೂಲಿಗೆ ಮೀಟರಿಗೆ 2,000ಕ್ಕೂ ಹೆಚ್ಚು ಹುರಿ ಇರುತ್ತದೆ. ಎಡ ಹುರಿ, ಬಲ ಹುರಿ ಸರದಿಯಲ್ಲಿ ನೇಯುತ್ತಾರೆ. ರೇಷ್ಮೆಯ ಗೋಂದು ತೆಗೆದ ಮೇಲೆ ಆ ನೂಲು ತನ್ನ ಹುರಿಯನ್ನು ಬಿಚ್ಚಿಕೊಳ್ಳಲು ಹೋಗಿ ಸುರುಟಿ ಕುಗ್ಗುತ್ತದೆ. ಮೇಲ್ಮೈ ಮರಳು ಮರಳಾಗುವುದು ಇದರಿಂದಲೇ. ನೂಲುಗಳು ಒಂದರ ಮೇಲೊಂದು ತಿರುಗಲು ಜಾಗ ಸಿಗುತ್ತದೆ, ಬಿಟ್ಟರೆ ತುಸು ಹಿಂದಕ್ಕೂ ಬರುತ್ತವೆ. ಗಿಜಿಗಿಜಿ ನೇಯ್ದ ಕಾಟನ್ ಪಾಪ್ಲಿನ್‌ನಲ್ಲಿ ನೂಲು ತಿರುಗಲು ಜಾಗವೇ ಇಲ್ಲ. ಅದನ್ನು ಕ್ರಾಸಲ್ಲಿ ಕತ್ತರಿಸಿದರೆ ಬಟ್ಟೆ ದಂಡ. ಅಂಗಡಿಯ ಪಾಲಿಯೆಸ್ಟರ್ ಸ್ಯಾಟಿನ್ ಜಾರುತ್ತದೆ, ಇಳಿಯುತ್ತದೆ, ಆದರೆ ವಾಪಸ್ ಬರುವುದಿಲ್ಲ.

ಅಗಲದ ಲೆಕ್ಕವನ್ನು ಯಾರೂ ಹೇಳಿಕೊಡುವುದಿಲ್ಲ. ಸರಿಯಾಗಿ 45 ಡಿಗ್ರಿಯಲ್ಲಿ ಕತ್ತರಿಸುವ ಆಯತಾಕಾರದ ತುಂಡಿನ ಉದ್ದ ಮತ್ತು ಅಗಲ ಕೂಡಿದರೆ ಬರುವ ಮೊತ್ತ, ಬಟ್ಟೆಯ ಅಗಲದ 1.41ರಷ್ಟನ್ನು ಮೀರುವಂತಿಲ್ಲ. 44 ಇಂಚು ಪನ್ನದ ಬಟ್ಟೆಗೆ ಈ ಮಿತಿ 62. ಸ್ಕರ್ಟಿಗೆ 36 ಇಂಚು ಉದ್ದ ಬೇಕೆಂದರೆ ಅಗಲ 26 ಸಿಗುತ್ತದೆ, ನಡೆಯುತ್ತದೆ. ಅಂಥ ಎರಡು ತುಂಡಿಗೆ 81 ಇಂಚು, ಅಂದರೆ ಎರಡೂಕಾಲು ಗಜ ಬಟ್ಟೆ ಬೇಕು. ಆದರೆ 54 ಇಂಚಿನ ಉದ್ದ ಗೌನಿಗೆ ಸಿಗುವ ಅಗಲ 8 ಇಂಚು ಮಾತ್ರ! 2 ಮೀಟರ್ ಪನ್ನ ಇದ್ದಿದ್ದರೆ ಅದೇ 54ಕ್ಕೆ 57 ಇಂಚು ಅಗಲ ಸಿಗುತ್ತಿತ್ತು. ವಿಯೊನೆ ಮಾಮೂಲಿಗಿಂತ ಬಹಳ ಅಗಲದ ಬಟ್ಟೆಯನ್ನು ಹೇಳಿ ನೇಯಿಸಿಕೊಳ್ಳುತ್ತಿದ್ದದ್ದು ಶೋಕಿಗಲ್ಲ.

ಈಗ ಟೈಲರ್ ಮೇಜಿಗೆ ಬರೋಣ. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕತ್ತರಿಸುವುದು ಮೊದಲ ಎಡವಟ್ಟು. ಕೆಳಗಿನ ಪದರ ಜರುಗಿ ಎರಡು ತುಂಡಿನ ಕೋನ ಬೇರೆ ಬೇರೆಯಾಗುತ್ತದೆ. ಒಂದೇ ಪದರ, ಕೆಳಗೆ ತೆಳು ಕಾಗದ, ಮೇಲೆ ಭಾರ. ಕಾಗದ ಸಮೇತ ಕತ್ತರಿಸಬೇಕು. ಮಾರ್ಜಿನ್ ಅರ್ಧ ಇಂಚು ಸಾಲದು, ಒಂದು ಇಂಚು ಬಿಡಿ. ಕತ್ತರಿಸಿದ ತುಂಡುಗಳನ್ನು ಸೊಂಟದ ಕಡೆಯಿಂದ ಕ್ಲಿಪ್ ಹಾಕಿ ಒಂದು ಇಡೀ ದಿನ ನೇತುಹಾಕಿ, ಇಳಿಯುವಷ್ಟು ಇಳಿಯಲಿ. ಆಮೇಲೆ ಪ್ಯಾಟರ್ನ್ ಮತ್ತೆ ಇಟ್ಟು ಹೆಚ್ಚಾದದ್ದನ್ನು ಸವರಿ, ಹೊಲಿಗೆಗೆ ಕೂರಿ. ಬಹುತೇಕ ಟೈಲರ್‌ಗಳು ಈ ಒಂದು ದಿನವನ್ನು ಕೊಡುವುದಿಲ್ಲ. ಬಟ್ಟೆಯೇನೋ ಆ ದಿನವನ್ನು ಆಮೇಲೆ ನಿಮ್ಮ ಮೈಮೇಲೆ ತೆಗೆದುಕೊಳ್ಳುತ್ತದೆ.

ಉದ್ದ ಹೊಲಿಗೆಗೆ ಜಿಗ್‌ಜಾಗ್ ಇದ್ದರೆ ಅಗಲ 0.5 ಮಿ.ಮೀ., ಉದ್ದ 2.5 ಮಿ.ಮೀ. ಇಡಿ, ನೋಡಲು ನೇರ ಹೊಲಿಗೆಯಂತೆಯೇ ಕಾಣುತ್ತದೆ. ಸಾದಾ ಮಿಷನ್ ಆದರೆ ದಾರದ ಟೆನ್ಷನ್ ಸಡಿಲಿಸಿ, ಬಟ್ಟೆಯನ್ನು ಹಿಂದೆ ಮುಂದೆ ಹಿಡಿದು ಸ್ವಲ್ಪವೇ ಎಳೆದು ಹೊಲಿಯಬೇಕು. ಕತ್ತು ಮತ್ತು ಸೊಂಟಕ್ಕೆ ಮಾತ್ರ ಎಳೆಯಲೇಬಾರದು. ಅಲ್ಲಿ ನೇರ ನೂಲಿನ ಸಣ್ಣ ಪಟ್ಟಿ ಕೂರಿಸಿ ಬಿಗಿ ಮಾಡಬೇಕು. ಇಸ್ತ್ರಿಯನ್ನು ಒತ್ತಿ ಎತ್ತಬೇಕು, ತಳ್ಳಬಾರದು. ಲೈನಿಂಗ್ ನೇರ ಕತ್ತರಿಸಿ ಕೆಳ ಅಂಚಿಗೆ ಸೇರಿಸಿ ಹೊಲಿದರೆ ಮೇಲಿನ ಬಟ್ಟೆ ಬುಗ್ಗೆಯಾಗಿ ನಿಲ್ಲುತ್ತದೆ, ಬಿಡಿಯಾಗಿ ಬಿಡಿ.

ಸ್ಕರ್ಟು ಒಂದೇ ಕಡೆ ತಿರುಚಿಕೊಳ್ಳುವುದು ಬೇರೆ ರೋಗ. ಹಾಸು ನೂಲು ಮಗ್ಗದಲ್ಲಿ ಬಿಗಿಯಾಗಿ ನಿಂತದ್ದು, ಹೊಕ್ಕು ಹೆಚ್ಚು ಅಂಕುಡೊಂಕು. ಎರಡೂ ಒಂದೇ ಸಮ ಇಳಿಯುವುದಿಲ್ಲ. ಎಡ ತುಂಡು, ಬಲ ತುಂಡು ಎರಡನ್ನೂ ಒಂದೇ ದಿಕ್ಕಿನ ಓರೆಯಲ್ಲಿ ಕತ್ತರಿಸಿದರೆ ಇಡೀ ಸ್ಕರ್ಟು ಆ ಕಡೆಗೇ ವಾಲುತ್ತದೆ. ನಡುವೆ ಒಂದು ಹೊಲಿಗೆ ಕೊಟ್ಟು, ಹಾಸು ನೂಲು ಎಡಬಲ ಕನ್ನಡಿಯ ಬಿಂಬದಂತೆ ಬರುವ ಹಾಗೆ ಇಟ್ಟರೆ ಎಳೆತ ಸರಿದೂಗುತ್ತದೆ.

ಕೆಳ ಅಂಚು ಕಟ್ಟಕಡೆಯ ಕೆಲಸ. ಸೊಂಟಪಟ್ಟಿ ಕೂರಿಸಿ ಮತ್ತೆರಡು ದಿನ ನೇತುಹಾಕಿ, ತೊಡುವವರೇ ತೊಟ್ಟು ಚಪ್ಪಲಿ ಹಾಕಿ ನಿಂತು, ನೆಲದಿಂದ ಮೇಲಕ್ಕೆ ಸ್ಕೇಲ್ ಇಟ್ಟು ಗುರುತು ಮಾಡಬೇಕು. ಸೊಂಟದಿಂದ ಕೆಳಕ್ಕೆ ಅಳೆದರೆ ಕೆಟ್ಟಿತು. ಎರಡು ಇಂಚಿನ ಮಡಿಕೆಯ ಭಾರ ಮತ್ತೆ ಎಳೆಯುವುದರಿಂದ ಸಣ್ಣಗೆ ಸುರುಳಿ ಸುತ್ತಿ ಕೈಹೊಲಿಗೆ ಹಾಕುವುದೇ ಸರಿ. ಬಳಸದಾಗ ಹ್ಯಾಂಗರಿಗೆ ಹಾಕದೆ ಮಡಚಿಡಿ.

ಕೆಲವರು ಆ ಕಾಲದ ಫ್ಯಾಷನ್ ಚಿತ್ರವನ್ನೇ ತೋರಿಸಿ “ಹೀಗೇ ಹೊಲಿಯಬಹುದಾ?” ಅನ್ನುತ್ತಾರೆ. ಅಲ್ಲೊಂದು ಮೋಸವಿದೆ. 1912ರಿಂದ 1925ರವರೆಗೆ ಬಂದ ‘ಗಜೆಟ್ ದ್ಯು ಬೋ ತೋ’ ಪತ್ರಿಕೆಯ ಚಿತ್ರಗಳ ಬಣ್ಣ ಪೋಷ್ವಾರ್ ವಿಧಾನದ್ದು: ತೆಳು ಲೋಹದ ಹಾಳೆಯಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಅಚ್ಚು ಕತ್ತರಿಸಿ, ಕುಂಚದಿಂದ ಕೈಯಲ್ಲೇ ಬಣ್ಣ ಹಚ್ಚುವುದು. ಬಣ್ಣ ಚಪ್ಪಟೆಯಾಗಿ, ಅಂಚು ಚೂಪಾಗಿ ಬರುತ್ತದೆ. ಚಿತ್ರಕಾರರಾದ ಲೆಪಾಪ್, ಬಾರ್ಬಿಯೆ ಅವರ ಕೈಯಲ್ಲಿ ಅದು ಸೊಗಸಾಗಿದೆ, ನಿಜ. ಆದರೆ ಓರೆ ಬಟ್ಟೆಯ ಜೀವ ಇರುವುದು ನೆರಳು ಬೆಳಕಿನ ಮಡಿಕೆಯಲ್ಲಿ, ಅದು ಇಲ್ಲಿ ಸಿಗುವುದಿಲ್ಲ. ಇಟಲಿಯ ಕಲಾವಿದ ತಾಯಾತ್ ಒಬ್ಬರು ಈ ಕಷ್ಟಕ್ಕೆ ದಾರಿ ಹುಡುಕಿದರು ಅನ್ನಿಸುತ್ತದೆ. 1919ರಲ್ಲಿ ವಿಯೊನೆ ಸಂಸ್ಥೆಯ ಲಾಂಛನ ಬರೆದವರೂ ಅವರೇ. ಅವರ ಚಿತ್ರಗಳಲ್ಲಿ ಉಡುಪಿನ ರೇಖೆಗಳು ಬಟ್ಟೆಯ ಅಂಚಿಗೆ ನಿಲ್ಲದೆ ಸುತ್ತಲ ಗಾಳಿಗೂ ಚಾಚಿ, ಎಳೆತ ಯಾವ ಕಡೆಗಿದೆ ಎಂದು ತೋರಿಸುತ್ತವೆ.

ಆದರೂ ಹೊಲಿಯುವವರಿಗೆ ಬೇಕಾದದ್ದು ಚಿತ್ರವಲ್ಲ, ಪ್ಯಾಟರ್ನ್. ನಕಲು ಮಾಡುವವರ ಕಾಟಕ್ಕೆ ವಿಯೊನೆ ಲೇಬಲ್ ಮೇಲೆ ಹೆಬ್ಬೆಟ್ಟಿನ ಗುರುತು ಒತ್ತುತ್ತಿದ್ದರು, ಪ್ರತಿ ಉಡುಪನ್ನೂ ಮುಂದೆ, ಹಿಂದೆ, ಪಕ್ಕದಿಂದ ಫೋಟೊ ತೆಗೆಸಿ ಆಲ್ಬಂ ಮಾಡಿಸುತ್ತಿದ್ದರು. 1952ರಲ್ಲಿ ಆಕೆ ದಾನ ಕೊಟ್ಟ 122 ಉಡುಪುಗಳು, 75 ಆಲ್ಬಂಗಳು, ಜೊತೆಗೆ ನೂರಾರು ಪ್ಯಾಟರ್ನ್‌ಗಳು ಇವತ್ತು ಪ್ಯಾರಿಸ್‌ನ ಅಲಂಕಾರ ಕಲೆಗಳ ಮ್ಯೂಸಿಯಂನಲ್ಲಿವೆ. ಆಮೇಲೆ ಅಮೆರಿಕದ ಬೆಟ್ಟಿ ಕರ್ಕ್ ಉಳಿದುಬಂದ ವಿಯೊನೆ ಉಡುಪುಗಳನ್ನು ಅಳೆದು ಪ್ಯಾಟರ್ನ್ ತೆಗೆದರು.

ಕೊನೆಗೆ ಬರುವ ಉಪಪ್ರಶ್ನೆ: ಹಳೆಯ ಮೈಸೂರು ಸಿಲ್ಕ್ ಸೀರೆಯಲ್ಲಿ ಮಾಡಬಹುದಾ? ಬಟ್ಟೆ ಹೇಳಿ ಮಾಡಿಸಿದಂತಿದೆ, ಅದು ಹುರಿ ರೇಷ್ಮೆಯ ಕ್ರೇಪೇ. ತೊಡಕು ಜರಿಯದು. ಜರಿ ಅಂಚು ಬಿಗಿ ನೇಯ್ಗೆ; ಕೋನ ಬದಲಾಗಲು ಬಿಡುವುದಿಲ್ಲ, ಅದು ಬಂದ ಕಡೆ ಬಟ್ಟೆ ನಿರಿಗೆ ಹಿಡಿಯುತ್ತದೆ. ಎರಡೂ ಕಡೆ ಎರಡೆರಡು ಇಂಚು ಅಂಚು ತೆಗೆದರೆ 44ರಲ್ಲಿ ಉಳಿಯುವುದು 40. ಮಿತಿ 56ಕ್ಕೆ ಇಳಿಯಿತು, 36 ಉದ್ದಕ್ಕೆ 20 ಅಗಲ. ಎರಡು ತುಂಡಲ್ಲಿ ಆಗದು, ಮೂರು ಬೇಕಾಗುತ್ತದೆ, ಅಥವಾ ಮೊದಲೇ ಎರಡು ಪನ್ನವನ್ನು ಉದ್ದಕ್ಕೆ ಜೋಡಿಸಿ ಹೊಲಿದು ಆಮೇಲೆ ಓರೆ ಕತ್ತರಿಸಬೇಕು. ಆ ಜೋಡಣೆ ಮೈಮೇಲೆ ಓರೆಯಾಗಿ ಹಾಯುತ್ತದೆ, ಆದರೆ ನೇರ ನೂಲಿನ ಹೊಲಿಗೆಯಾದ್ದರಿಂದ ತೊಂದರೆ ಕೊಡುವುದಿಲ್ಲ. ತೆಗೆದ ಜರಿಯನ್ನು ಕೆಳ ಅಂಚಿಗೆ ಹಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ, ಸೊಂಟಪಟ್ಟಿಗೆ ಹಾಕಿ, ಬಿಗಿ ಬೇಕಾದ ಜಾಗ ಅದೊಂದೇ.