ಅಪ್ಪನ ಎಚ್‌ಎಂಟಿ ಜನತಾ

ಇವತ್ತು ಮಂಗಳೂರಿನ ಹಂಪನಕಟ್ಟೆಯಲ್ಲಿ ಅಪ್ಪನ ಎಚ್‌ಎಂಟಿ ಜನತಾ ವಾಚನ್ನು ರಿಪೇರಿಗೆ ಕೊಟ್ಟೆ. ಅಂಗಡಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುಚ್ಚಳ ತೆಗೆದರು. ಒಳಗೆ ಕೂದಲೆಳೆಯಷ್ಟು ತೆಳ್ಳಗಿನ ಸ್ಪ್ರಿಂಗ್. "ಎಣ್ಣೆ ಒಣಗಿದೆ ಅಷ್ಟೇ ಮಾರಾಯ್ರೆ, ಇನ್ನೂ ತುಂಬಾ ವರ್ಷ ಓಡ್ತದೆ" ಅಂದರು. ಎಷ್ಟು ಖುಷಿಯಾಯಿತು!

ಸ್ಮಾರ್ಟ್‌ವಾಚ್ ಬಂದು ಕೀ ಕೊಡುವ ವಾಚಿನ ಕಾಲ ಮುಗಿಯಿತು ಅಂತಾರೆ. ದೊಡ್ಡ ಪೆಟ್ಟು ಬಿದ್ದದ್ದು ಅದಕ್ಕೂ ಮೊದಲೇ ಅಲ್ವಾ? 1969ರಲ್ಲಿ ಜಪಾನಿನ ಸೀಕೋ ಕಂಪನಿ ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ವಾಚ್ ತಂದಿತು. ಆಮೇಲೆ ಎಷ್ಟೋ ಸ್ವಿಸ್ ಕಂಪನಿಗಳು ಬಾಗಿಲು ಹಾಕಿದವು. ಗಟ್ಟಿಯಾಗಿ ನಿಂತವು ಇವತ್ತಿಗೂ ಇವೆ. ನಮ್ಮ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು 2016ರಲ್ಲಿ ಸರ್ಕಾರ ಒಪ್ಪಿದಾಗ ಅಪ್ಪ ತುಂಬಾ ಬೇಜಾರು ಮಾಡಿಕೊಂಡಿದ್ದರು.

ನನಗೆ ಚಿಂತೆ ಈ ರಿಪೇರಿ ಕೆಲಸ ಕಲಿಯುವವರದ್ದು. ಅಂಗಡಿಯಲ್ಲಿ ಇವರೊಬ್ಬರೇ, ಪಕ್ಕದ ಸ್ಟೂಲ್ ಖಾಲಿ.

ಶನಿವಾರ ಬನ್ನಿ ಅಂದಿದ್ದಾರೆ.