ಒಂದು ಮೊಬೈಲ್, 34 ಕಾರ್ಡು: ಏಳನೇ ತರಗತಿಯ ದಶಮಾಂಶದ ದಿನಚರಿ

ಜುಲೈ 6

ನಾನು ತಿಪಟೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಏಳನೇ ತರಗತಿಯಲ್ಲಿ 34 ಮಕ್ಕಳು. "ಅರ್ಥ ಆಯ್ತಾ?" ಅಂದರೆ ಎಲ್ಲರೂ ಒಟ್ಟಿಗೆ "ಆಯ್ತು ಮಿಸ್" ಅನ್ನುತ್ತಾರೆ. ಕೈ ಎತ್ತಿ ಉತ್ತರ ಹೇಳುವವರು ಮಾತ್ರ ಅದೇ ಐದಾರು ಜನ. ಉಳಿದವರ ತಲೆಯಲ್ಲಿ ಏನಿತ್ತು ಅನ್ನೋದು ನನಗೆ ಗೊತ್ತಾಗುವುದು ಪರೀಕ್ಷೆಯ ಪೇಪರ್ ತಿದ್ದುವಾಗ. ಅಷ್ಟು ಹೊತ್ತಿಗೆ ಪಾಠ ಮುಗಿದು ತಿಂಗಳಾಗಿರುತ್ತದೆ.

ಅದಕ್ಕೇ ಈ ಸಲ ಪ್ಲಿಕರ್ಸ್ ಅನ್ನುವ ಮೊಬೈಲ್ ಆ್ಯಪ್‌ನ ಕಾರ್ಡು ಬಳಸಿ ನೋಡುತ್ತಿದ್ದೇನೆ. ಮಕ್ಕಳ ಕೈಗೆ ಮೊಬೈಲ್, ಟ್ಯಾಬ್ ಏನೂ ಬೇಡ. ಒಬ್ಬೊಬ್ಬರಿಗೆ ಒಂದೊಂದು ಕಾಗದದ ಕಾರ್ಡು. ಅದರ ಮೇಲೆ ಕಪ್ಪು ಚೌಕಗಳು ಸೇರಿದ ಒಂದು ಆಕಾರ. ನಾಲ್ಕು ಬದಿಗೆ ಎ, ಬಿ, ಸಿ, ಡಿ ಅಂತ ತೀರಾ ಸಣ್ಣ ಅಕ್ಷರ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಕಾರ್ಡು ತಿರುಗಿಸಿ ಎದೆಯ ಮುಂದೆ ಹಿಡಿಯಬೇಕು. ನಾನು ನನ್ನ ಮೊಬೈಲ್ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿದರೆ ಸಾಕು, ಯಾವ ನಂಬರಿನವರು ಏನು ಹೇಳಿದರು ಅನ್ನೋದು ದಾಖಲಾಗುತ್ತದೆ. ಒಂದು ಕಾರ್ಡಿನ ಆಕಾರ ಇನ್ನೊಂದರ ಹಾಗಿಲ್ಲ. ಪಕ್ಕದವರ ಕಾರ್ಡು ನೋಡಿ ಹಾಗೇ ಹಿಡಿದರೆ ಪ್ರಯೋಜನ ಇಲ್ಲ. ನನಗೆ ಹಿಡಿಸಿದ್ದು ಇದೇ. ತಪ್ಪು ಉತ್ತರ ಕೊಡೋಕೆ ಮಗು ಹೆದರಬೇಕಾಗಿಲ್ಲ.

ಜುಲೈ 9

ಕಾರ್ಡುಗಳನ್ನು ಪ್ರಿಂಟ್ ಮಾಡಿಸಿದೆ. ಎ4 ಹಾಳೆಗೆ ಎರಡರಂತೆ 17 ಹಾಳೆ. ಹರಿಯದಿರಲಿ ಅಂತ ಲ್ಯಾಮಿನೇಶನ್ ಮಾಡಿಸಿದ್ದು ದೊಡ್ಡ ತಪ್ಪಾಯಿತು. ಕಿಟಕಿಯ ಬೆಳಕು ಪ್ಲಾಸ್ಟಿಕ್ ಮೇಲೆ ಬಿದ್ದು ಹೊಳೆಯುತ್ತದೆ, ಕ್ಯಾಮೆರಾಗೆ ಆಕಾರವೇ ಕಾಣಿಸುವುದಿಲ್ಲ. ಒಂದು ಸಾಲಿನಲ್ಲಿ ಎಂಟು ಜನ ಇದ್ದರೆ ಮೂವರದ್ದು ಮಾತ್ರ ಬರುತ್ತಿತ್ತು.

ಮತ್ತೆ ಪ್ರಿಂಟ್ ಮಾಡಿಸಿ ಹಳೆಯ ಮದುವೆ ಕಾರ್ಡುಗಳ ಹಿಂದೆ ಅಂಟಿಸಿದೆವು. ಮಕ್ಕಳೇ ಮನೆಯಿಂದ ತಂದಿದ್ದರು. ಗಟ್ಟಿಯಾಗಿದೆ, ಹೊಳೆಯುವುದೂ ಇಲ್ಲ. ಹಾಜರಿ ಪುಸ್ತಕದ ನಂಬರೇ ಕಾರ್ಡಿನ ನಂಬರ್. ಒಂದರಿಂದ ಮೂರನೇ ತರಗತಿವರೆಗೆ, ಚಟುವಟಿಕೆ ಮಾಡಿಸುತ್ತಾ ಕಲಿಸುವ ನಲಿಕಲಿ ಪದ್ಧತಿಯ ಕಾರ್ಡು ಹಿಡಿದೇ ಕಲಿತ ಮಕ್ಕಳು ಇವರು. ಹಾಗಾಗಿ ಕಾರ್ಡು ಅಂದರೆ ಇವರಿಗೆ ಹೊಸದಲ್ಲ. ಬೆರಳು ಕಪ್ಪು ಭಾಗದ ಮೇಲೆ ಬರಬಾರದು ಅನ್ನೋದನ್ನು ಅಭ್ಯಾಸ ಮಾಡಿಸೋಕೆ ಎರಡು ದಿನ ಬೇಕಾಯಿತು, ಅಷ್ಟೇ.

ಜುಲೈ 14

ಮೊದಲ ನಿಜವಾದ ಪ್ರಶ್ನೆ. 0.35 ಮತ್ತು 0.4, ಇವುಗಳಲ್ಲಿ ಯಾವುದು ದೊಡ್ಡದು?

31 ಮಕ್ಕಳು ಬಂದಿದ್ದರು. 0.4 ಅಂದವರು 8 ಜನ. 0.35 ಅಂದವರು 19. ಉಳಿದ ನಾಲ್ವರು ಎರಡೂ ಒಂದೇ ಅಂದರು. ದಶಮಾಂಶವನ್ನು ಆರನೇ ತರಗತಿಯಲ್ಲಿ ನಾನೇ ಹೇಳಿಕೊಟ್ಟಿದ್ದೆ. ಮೊಬೈಲ್ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಟ್ಟೆ.

ಕಾರಣ ಕೇಳಿದರೆ, "35 ದೊಡ್ಡದು ಅಲ್ವಾ ಮಿಸ್?" ಅಂದರು. ನಾವು ಓದುವ ರೀತಿಯೂ ಹಾಗೇ ಇದೆ. "ಸೊನ್ನೆ ಪಾಯಿಂಟ್ ಮೂವತ್ತೈದು" ಅಂತ ನಾನೇ ಎಷ್ಟೋ ಸಲ ಹೇಳಿದ್ದೇನೆ. ಇವತ್ತಿನಿಂದ "ಪಾಯಿಂಟ್ ಮೂರು ಐದು" ಅಂತಲೇ ಓದಬೇಕು, ನಾನೂ, ಮಕ್ಕಳೂ.

ಇನ್ನೊಂದು ವಿಷಯ. ಫಲಿತಾಂಶವನ್ನು ಟಿವಿ ಮೇಲೆ ತೋರಿಸಿದಾಗ ಯಾರದ್ದು ಸರಿ, ಯಾರದ್ದು ತಪ್ಪು ಅಂತ ಹೆಸರಿನ ಸಮೇತ ಬಂತು. ಮುಂದಿನ ಬೆಂಚಿನವರು ಹಿಂದೆ ತಿರುಗಿ ನಕ್ಕರು. ಒಬ್ಬ ಹುಡುಗಿ ಎರಡನೇ ಪ್ರಶ್ನೆಗೆ ಕಾರ್ಡೇ ಎತ್ತಲಿಲ್ಲ. ತಕ್ಷಣ ಹೆಸರಿನ ಪಟ್ಟಿ ಮುಚ್ಚಿ, ಎಷ್ಟು ಜನ ಯಾವ ಉತ್ತರ ಅನ್ನುವ ಕಂಬಗಳನ್ನು ಮಾತ್ರ ತೋರಿಸಿದೆ. ಇನ್ನು ಮುಂದೆಯೂ ಅಷ್ಟೇ.

ಜುಲೈ 16

ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ಮಾಡುತ್ತಾ ಬಂದ ಒಂದು ಪದ್ಧತಿ ಇದೆ. ಪ್ರಶ್ನೆ ಕೇಳು, ಒಬ್ಬೊಬ್ಬರೇ ಯೋಚಿಸಿ ಉತ್ತರ ಕೊಡಲಿ, ಆಮೇಲೆ ಪಕ್ಕದವರ ಜೊತೆ ವಾದ ಮಾಡಲಿ, ಮತ್ತೆ ಉತ್ತರ ಕೊಡಲಿ. ಸರಿ ಉತ್ತರ ಶೇಕಡಾ 30ಕ್ಕಿಂತ ಕಡಿಮೆ ಇದ್ದರೆ ಚರ್ಚೆಯಿಂದ ಲಾಭ ಇಲ್ಲ, ಮತ್ತೆ ಹೇಳಿಕೊಡಬೇಕು. 70ಕ್ಕಿಂತ ಜಾಸ್ತಿ ಇದ್ದರೆ ಮುಂದೆ ಹೋಗಬಹುದು. ನಡುವೆ ಇದ್ದರೆ ಮಕ್ಕಳೇ ಮಕ್ಕಳಿಗೆ ಹೇಳಲಿ. ನಮ್ಮ 31ರಲ್ಲಿ 8 ಅಂದರೆ ಶೇಕಡಾ 26. ಹಾಗಾಗಿ ಬೇರೆ ಕಡೆಯಿಂದ ಬಂದೆ.

ನಮ್ಮೂರಿನ ಮಕ್ಕಳು ಬೆಳಿಗ್ಗೆ ಡೇರಿಗೆ ಹಾಲು ಹಾಕಿಯೇ ಶಾಲೆಗೆ ಬರುತ್ತಾರೆ. ಚೀಟಿಯಲ್ಲಿ ಲೀಟರು, ಫ್ಯಾಟ್ ಎಲ್ಲ ದಶಮಾಂಶದಲ್ಲೇ ಇರುತ್ತದೆ. ಇವತ್ತಿನ ಪ್ರಶ್ನೆ: ಒಂದು ಮನೆಯವರು 4.25 ಲೀಟರ್ ಹಾಕಿದರು, ಇನ್ನೊಂದು ಮನೆಯವರು 4.5 ಲೀಟರ್. ಯಾರದ್ದು ಜಾಸ್ತಿ?

ಮೊದಲ ಸಲ 31ರಲ್ಲಿ 13 ಸರಿ. ಮೂರು ನಿಮಿಷ ಮಾತಾಡಿಕೊಳ್ಳಿ ಅಂದೆ. ನಾನು ಬೆಂಚುಗಳ ನಡುವೆ ಓಡಾಡುತ್ತಾ ಕೇಳಿಸಿಕೊಂಡೆ. ಒಬ್ಬ ಹುಡುಗಿ ಪಕ್ಕದವಳಿಗೆ ಹೇಳುತ್ತಿದ್ದಳು: "4.5 ಅಂದ್ರೆ ನಾಲ್ಕೂವರೆ ಲೀಟ್ರು ಕಣೇ. 4.25 ಅಂದ್ರೆ ನಾಲ್ಕೂಕಾಲು. ಕಾಲು ಜಾಸ್ತೀನೋ ಅರ್ಧ ಜಾಸ್ತೀನೋ ನೀನೇ ಹೇಳು." ನಾನು ಹಲಗೆ ಮೇಲೆ ಬರೆದು ತೋರಿಸಿದ್ದಕ್ಕಿಂತ ಇದು ಎಷ್ಟೋ ಚೆನ್ನಾಗಿತ್ತು. ಎರಡನೇ ಸಲ 25 ಜನ ಸರಿ.

ಕ್ರಿಕೆಟ್ಟಿನಿಂದ ಬಂದ ಗೊಂದಲವೂ ಇವತ್ತೇ ಹೊರಗೆ ಬಂತು. "4.5 ಆದ್ಮೇಲೆ ಒಂದೇ ಬಾಲು, ಆಮೇಲೆ 5 ಅಲ್ವಾ ಮಿಸ್?" ಅಂತ ಒಬ್ಬ ಕೇಳಿದ. ಓವರಿನ ಲೆಕ್ಕದಲ್ಲಿ ಅದು ಸರಿ. ಅಲ್ಲಿ ಚುಕ್ಕಿ ಬರೀ ಓವರು ಮತ್ತು ಬಾಲುಗಳನ್ನು ಬೇರೆ ಮಾಡುತ್ತದೆ, ಆರು ಬಾಲಿಗೆ ಒಂದು ಓವರು. ಅದು ದಶಮಾಂಶ ಅಲ್ಲ ಅಂತ ಇಷ್ಟು ವರ್ಷದಲ್ಲಿ ನಾನು ಒಂದು ಸಲವೂ ಮಕ್ಕಳಿಗೆ ಹೇಳಿರಲಿಲ್ಲ. ಅರ್ಧ ಪೀರಿಯಡ್ ಇದಕ್ಕೇ ಹೋಯಿತು. ಹೋಗಲಿ ಬಿಡಿ, ಬೇಕಾಗಿತ್ತು.

ಜುಲೈ 20

ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದೆ, 0.35 ಮತ್ತು 0.4. ಈ ಸಲ 31ರಲ್ಲಿ 22 ಸರಿ. ತುಂಬಾ ಖುಷಿಯಾಯಿತು. ಒಂದು ಕೊನೆಯ ಪ್ರಶ್ನೆ ಇರಲಿ ಅಂತ 0.62 ಮತ್ತು 0.3 ಕೊಟ್ಟೆ.

11 ಜನ 0.3 ದೊಡ್ಡದು ಅಂದರು!

ಮನೆಗೆ ಬಂದು ಯಾರು ಯಾವ ಪ್ರಶ್ನೆಗೆ ಏನು ಹೇಳಿದ್ದಾರೆ ಅಂತ ನೋಡಿದೆ. ಮೊದಲ ಪ್ರಶ್ನೆಗೆ ಸರಿ ಹೇಳಿದ 22 ಜನರಲ್ಲೇ ಈ 11 ಜನ ಇದ್ದರು. ಅಂದರೆ ಅವರಿಗೆ ಅರ್ಥ ಆಗಿರಲಿಲ್ಲ. "ಚುಕ್ಕಿ ಆದ್ಮೇಲೆ ಉದ್ದ ಇದ್ದರೆ ದೊಡ್ಡದು" ಅನ್ನೋದನ್ನು ಬಿಟ್ಟು "ಗಿಡ್ಡ ಇದ್ದರೆ ದೊಡ್ಡದು" ಅನ್ನುವ ಇನ್ನೊಂದು ನಿಯಮ ಹಿಡಿದಿದ್ದರು. 0.35 ಮತ್ತು 0.4ರಲ್ಲಿ ಆ ನಿಯಮಕ್ಕೂ ಸರಿ ಉತ್ತರವೇ ಬರುತ್ತದೆ.

ಇದು ಎಲ್ಲಿಂದ ಬಂತು ಅಂತ ರಾತ್ರಿಯೆಲ್ಲ ಯೋಚಿಸಿದೆ. ಕಳೆದ ವಾರ ಭಿನ್ನರಾಶಿಯಲ್ಲಿ "ಛೇದ ದೊಡ್ಡದಾದಷ್ಟೂ ಬೆಲೆ ಚಿಕ್ಕದು" ಅಂತ ನಾನೇ ಪದೇ ಪದೇ ಹೇಳಿದ್ದೆ. ನೂರನೇ ಭಾಗ ಹತ್ತನೇ ಭಾಗಕ್ಕಿಂತ ಚಿಕ್ಕದು, ಹಾಗಾಗಿ ಚುಕ್ಕಿ ಆದ್ಮೇಲೆ ಅಂಕಿ ಜಾಸ್ತಿ ಇದ್ದರೆ ಬೆಲೆ ಕಡಿಮೆ ಅಂತ ಮಕ್ಕಳು ಅದನ್ನು ಇಲ್ಲಿಗೆ ತಂದಿದ್ದಾರೆ. ಅವರು ಕೇಳಿಸಿಕೊಂಡಿಲ್ಲ ಅಂತಲ್ಲ, ಚೆನ್ನಾಗಿಯೇ ಕೇಳಿಸಿಕೊಂಡಿದ್ದಾರೆ.

ಇನ್ನು ಮುಂದೆ ಪ್ರತಿ ಪ್ರಶ್ನೆಗೂ ಸರಿ ಉತ್ತರಕ್ಕಿಂತ ಮೊದಲು ತಪ್ಪು ಉತ್ತರಗಳನ್ನು ಬರೆಯುತ್ತೇನೆ. ಒಂದೊಂದು ತಪ್ಪು ಉತ್ತರದ ಹಿಂದೆಯೂ ಮಗು ಹಿಡಿಯಬಹುದಾದ ಒಂದು ದಾರಿ ಇರಬೇಕು. ಸುಮ್ನೆ ಜಾಗ ತುಂಬೋಕೆ ಹಾಕಿದ ಉತ್ತರದಿಂದ ನನಗೆ ಏನೂ ತಿಳಿಯುವುದಿಲ್ಲ.

ಜುಲೈ 23

ಕರೆಂಟ್ ಇರಲಿಲ್ಲ. ಟಿವಿ ಇಲ್ಲ. ಮೊಬೈಲಿನಲ್ಲಿ ಎಣಿಕೆ ನೋಡಿ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಕಂಬಗಳನ್ನು ಬರೆದೆ. ಟಿವಿಗಿಂತ ಇದೇ ವಾಸಿ ಅನ್ನಿಸಿತು. ನಾನು ಒಂದೊಂದು ಕಂಬ ಬರೆಯುವಷ್ಟರಲ್ಲಿ ಮಕ್ಕಳು "ಬಿ ಜಾಸ್ತಿ ಆಗುತ್ತೆ ನೋಡು" ಅಂತ ಮಾತಾಡಿಕೊಳ್ಳುತ್ತಿದ್ದರು.

ಆ 11 ಜನರಿಗಾಗಿ ಎರಡು ಕೆಲಸ ಮಾಡಿದೆವು. ಹತ್ತು ಸಾಲು, ಸಾಲಿಗೆ ಹತ್ತು ಮನೆ ಇರುವ ಚೌಕ ಬರೆದು 0.62ಕ್ಕೆ 62 ಮನೆ, 0.3ಕ್ಕೆ ಮೂರು ಪೂರ್ತಿ ಸಾಲು ಬಣ್ಣ ಹಚ್ಚಿದರು. ಆಮೇಲೆ ದರ್ಜಿ ಟೇಪು. ಒಂದು ಮೀಟರಿಗೆ ನೂರು ಸೆಂಟಿಮೀಟರ್. 0.3 ಮೀಟರ್ ಅಂದರೆ 30ರ ಗೆರೆ, 0.62 ಅಂದರೆ 62ರ ಗೆರೆ. ಟೇಪಿನ ಮೇಲೆ ಬೆರಳಿಟ್ಟ ಮೇಲೆ ಯಾರೂ ವಾದ ಮಾಡಲಿಲ್ಲ. ಹೊಸ ಅಂಕಿಗಳಲ್ಲಿ ಎರಡೂ ಬಗೆಯ ಪ್ರಶ್ನೆ ಕೊಟ್ಟು ನೋಡಿದೆ. ಎರಡಕ್ಕೂ ಸರಿ ಹೇಳಿದವರು 26 ಜನ. ಉಳಿದ ಐವರನ್ನು ದಿನವೂ ಊಟದ ಬಿಡುವಿನ ಆಮೇಲೆ ಹತ್ತು ನಿಮಿಷ ಕೂರಿಸಿಕೊಳ್ಳುತ್ತಿದ್ದೇನೆ.

ಜುಲೈ 28

ಮಕ್ಕಳಿಗೇ ಪ್ರಶ್ನೆ ಬರೆಯೋಕೆ ಹೇಳಿದ್ದೆ. ಷರತ್ತು ಒಂದೇ: ಪ್ರತಿ ತಪ್ಪು ಉತ್ತರವನ್ನು ಯಾರಾದರೂ ಯಾಕೆ ಆರಿಸಬಹುದು ಅಂತ ಪಕ್ಕದಲ್ಲಿ ಬರೆಯಬೇಕು. ಒಂಬತ್ತು ಪ್ರಶ್ನೆ ಬಂದಿವೆ. ಜುಲೈ 14ರಂದು ಕಾರ್ಡು ಎತ್ತದೆ ಕೂತಿದ್ದ ಹುಡುಗಿಯದ್ದೂ ಇದೆ. ಅದು ಹೀಗಿದೆ:

ಅರೆಕಾಲು ಲೀಟರ್ ಅಂದರೆ ಎಷ್ಟು? ಎ. 0.8, ಬಿ. 0.25, ಸಿ. 0.125, ಡಿ. 0.18.

ಪಕ್ಕದಲ್ಲಿ ಬರೆದಿದ್ದಾಳೆ: "ಎ, ಎಂಟನೇ ಒಂದು ಭಾಗ ಅಂತ ಎಂಟು ಹಾಕ್ತಾರೆ. ಬಿ, ಕಾಲು ಅಂತ ಮಾತ್ರ ಕೇಳಿಸಿಕೊಳ್ತಾರೆ. ಡಿ, ಒಂದು ಮತ್ತು ಎಂಟು ಎರಡನ್ನೂ ಬರೆದುಬಿಡ್ತಾರೆ." ಕೆಳಗೆ ಇನ್ನೊಂದು ಸಾಲು: "ನಾನು ಮೊದಲು ಎ ಅಂತಾನೇ ಅಂದ್ಕೊಂಡಿದ್ದೆ ಮಿಸ್, ಆಮೇಲೆ ಅಜ್ಜಿಯ ಪಾವಿನಲ್ಲಿ ನೀರು ಅಳೆದು ನೋಡಿದೆ."

ಸೋಮವಾರದ ಮೊದಲ ಪ್ರಶ್ನೆ ಇದೇ. ಎ ಅಂತ ಎಷ್ಟು ಜನ ಹಿಡಿಯಬಹುದು ಅಂತ ಅವಳನ್ನು ಕೇಳಿದೆ. ಹನ್ನೆರಡು ಅಂದಿದ್ದಾಳೆ. ನಾನು ಹದಿನೈದು ಅಂದುಕೊಂಡಿದ್ದೇನೆ.